ಮೋಟಾರು ಚಾಲೂ ಆಗದಿದ್ದರೆ

ಬೆಳಗಾವಿಯ ಕೋಟೆಯ ಸುತ್ತಲೂ, ಸಹ್ಯಾದ್ರಿಯ ಮಗ್ಗುಲಿನ ಖಾನಾಪುರದಲ್ಲಿಯೂ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡದು. ಅಂತಹ ನಡುರಾತ್ರಿಯಲ್ಲಿ ಖಾನಾಪುರದ ಗೃಹಸ್ಥನೊಬ್ಬನು ಬೇನೆ ಎದ್ದ ಸೊಸೆಯನ್ನು ಸುಮಾರು 26 ಕಿಲೋಮೀಟರು ದೂರದ ಬೆಳಗಾವಿಗೆ ಕರೆದೊಯ್ಯಬೇಕಾದಾಗ ಮೋಟಾರು ಮೌನವ್ರತ ಹಿಡಿದರೆ ಗತಿಯೇನು? ಗಾಬರಿಯಿಂದ ಕೀಲಿಯನ್ನು ಮೇಲಿಂದ ಮೇಲೆ ತಿರುವಿದರೆ ಉಳಿದ ವಿದ್ಯುತ್ತೂ ತೀರಿಹೋಗುವುದು. ರೋಗನಿದಾನವಾದ ಮೇಲೆಯೇ ಚಿಕಿತ್ಸೆಯೆಂಬ ವೈದ್ಯರ ನಿಯಮವು ಯಂತ್ರಕ್ಕೂ ಸಲ್ಲುವುದೆಂದು ನಮ್ಮ ಮತ.

ಮೊದಲು ದೀಪಗಳನ್ನು ನೋಡತಕ್ಕದ್ದು, ಸದ್ದನ್ನು ಕೇಳತಕ್ಕದ್ದು. ಕೀಲಿ ತಿರುವಿದೊಡನೆ ದೀಪ ಮಂಕಾಗಿ ಟಕಟಕ ಸದ್ದಾದರೆ ದೋಷವು ಬಹುತರವಾಗಿ ಬ್ಯಾಟರಿಯದು. ಅದರ ತುದಿಗಳಿಗೆ ಕಿಲುಬು ಹಿಡಿದಿರಬಹುದು, ತಂತಿ ಸಡಿಲಾಗಿರಬಹುದು. ದೀಪ ಪ್ರಖರವಾಗಿದ್ದು ಒಮ್ಮೆ ಮಾತ್ರ ಟಕ್ಕೆಂದರೆ ಸ್ಟಾರ್ಟರನ್ನು ಶಂಕಿಸಬೇಕು. ಪೆಟ್ರೋಲಿನ ಎಂಜಿನು ತಿರುಗಿಯೂ ಚಾಲೂ ಆಗದಿದ್ದರೆ ಇಂಧನವಾಗಲಿ ಕಿಡಿಯಾಗಲಿ ತಲುಪುತ್ತಿಲ್ಲವೆಂದು ತಿಳಿಯಬೇಕು. ತೇವ ಹಿಡಿದ ತಂತಿಗಳಲ್ಲಿ ವಿದ್ಯುತ್ತು ಸೋರಿಹೋಗುವುದುಂಟು.

ಇದು ಮಿಸ್ತ್ರಿಗಳ ಗುಟ್ಟೇನಲ್ಲ. 1888ರಲ್ಲಿ ಜರ್ಮನಿಯಲ್ಲಿ ಇಬ್ಬರು ಮಕ್ಕಳೊಡನೆ ಮೋಟಾರಿನಲ್ಲಿ ದೂರಪ್ರಯಾಣ ಹೊರಟ ಬರ್ಥಾ ಬೆಂಜ್ ಎಂಬ ಗೃಹಿಣಿಯು, ಇಂಧನದ ನಳಿಗೆ ಕಟ್ಟಿದಾಗ ತನ್ನ ಟೋಪಿಯ ಸೂಜಿಯಿಂದಲೇ ಅದನ್ನು ಬಿಡಿಸಿದಳು.

ನೆರೆಯವರ ಗಾಡಿಯಿಂದ ವಿದ್ಯುತ್ತನ್ನು ಎರವು ಪಡೆಯುವಾಗ ಮಾತ್ರ ಎಚ್ಚರ ಬೇಕು. ಧನಕ್ಕೆ ಧನವನ್ನು ಕೆಂಪು ತಂತಿಯಿಂದ ಜೋಡಿಸಿ, ಕಪ್ಪು ತಂತಿಯ ಒಂದು ತುದಿಯನ್ನು ನೆರೆಯವರ ಬ್ಯಾಟರಿಯ ಋಣಕ್ಕೂ, ಕಡೆಯ ತುದಿಯನ್ನು ನಮ್ಮ ಎಂಜಿನಿನ ಬರಿಯ ಲೋಹಕ್ಕೂ ಸಿಕ್ಕಿಸಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿ ತಗಲಿದರೆ ಸ್ಫೋಟಿಸೀತು.

ಮನೆಯಲ್ಲಿ ಬೇನೆಯವರಿದ್ದರೆ ಮೊದಲು 108ಕ್ಕೆ ಕರೆಮಾಡಿ, ಆಮೇಲೆ ಮೋಟಾರಿನ ಮುಚ್ಚಳವನ್ನು ತೆಗೆಯುವುದೇ ವಿವೇಕ. ಮಳೆಗಾಲಕ್ಕೆ ಮುಂಚೆಯೇ ಬ್ಯಾಟರಿಯನ್ನು ಪರೀಕ್ಷಿಸಿಟ್ಟ ಗೃಹಸ್ಥನಿಗೆ ಈ ಸಂಕಟವು ಬರುವುದು ವಿರಳ.