ಮೇಜಿನ ಮೇಲೆ ಹೊಳೆನರಸೀಪುರದ ಹಳಿ

ಹಾಸನದ ಸುತ್ತಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಗಂಟೆಯೆಂದರೆ ಜಗಲಿಯ ತೊಲೆಗೆ ತೂಗುಬಿಟ್ಟ ರೈಲು ಕಂಬಿಯ ತುಂಡು. ಅದರ ಸದ್ದು ಕೇಳಿ ಮನೆಗೆ ಓಡಿದವರಿಗೆ ಲೆಕ್ಕವಿಲ್ಲ. ಅದರ ಕೊಯ್ದ ತುದಿಯನ್ನು ನಿಂತು ನೋಡಿದವರು ಕಡಿಮೆ. ಮೇಲೆ ದಪ್ಪ ತಲೆ, ನಡುವೆ ತೆಳ್ಳನೆಯ ಸೊಂಟ, ಕೆಳಗೆ ಅಗಲವಾದ ಪಾದ. ಚಕ್ರ ತಾಗುವುದು ತಲೆಯ ನೆತ್ತಿಗೆ ಮಾತ್ರ. ಹಾಗಾಗಿ ಓಡಾಟವಿರುವ ಹಳಿಯಲ್ಲೂ ಹೊಳೆಯುವುದು ಆ ನೆತ್ತಿಯೊಂದೇ, ಉಳಿದದ್ದೆಲ್ಲ ತುಕ್ಕಿನ ಕಂದು. ರೈಲಿನ ಮಾದರಿ ಕಟ್ಟುವ ಹವ್ಯಾಸಕ್ಕೆ ಕೈಹಾಕುವವರು ಮೊದಲು ತಿಳಿಯಬೇಕಾದದ್ದು ಇದು. ಹೆಚ್ಚಿನವರಿಗೆ ಕಡೆಯಲ್ಲಿ ತಿಳಿಯುವುದೂ ಇದೇ.

ಏಕೆಂದರೆ ಎಲ್ಲರೂ ಶುರುಮಾಡುವುದು ಎಂಜಿನ್ನಿನಿಂದ. ಪೆಟ್ಟಿಗೆಯಲ್ಲಿ ಬಂದ ಎಂಜಿನ್ನು, ನಾಲ್ಕು ಬೋಗಿ, ಜೋಡಿಸಿದರೆ ಮೊಟ್ಟೆಯಾಕಾರವಾಗುವ ಹಳಿ. ಬೋಗಿಗಳ ಮೇಲೆ ಅಕ್ಷರ, ಬಾಗಿಲ ಹಿಡಿ, ಕಿಟಕಿ ಸರಳು ಎಲ್ಲ ಕರಾರುವಾಕ್ಕು. ಆದರೂ ಅದರ ಚಿತ್ರ ತೆಗೆದು ಯಾರಿಗೆ ತೋರಿಸಿದರೂ ಆಟಿಕೆ ಎಂದು ಒಂದೇ ನೋಟಕ್ಕೆ ಹೇಳುತ್ತಾರೆ. ಗುಟ್ಟು ಬಿಟ್ಟುಕೊಡುವುದು ಹಳಿ. ಬೆಳ್ಳಿಯಂತೆ ಮಿನುಗುವ ಕಂಬಿ, ಕರಿ ಪ್ಲಾಸ್ಟಿಕ್ಕಿನ ಸ್ಲೀಪರು, ಕೆಳಗೆ ಜಲ್ಲಿಯೂ ಇಲ್ಲ ಮಣ್ಣೂ ಇಲ್ಲ. ಮಾದರಿ ರೈಲಿನಲ್ಲಿ ಅತಿ ಉದ್ದದ ವಸ್ತು ಹಳಿಯೇ. ಅದಕ್ಕೆ ಸಿಗುವ ಗಮನ ಮಾತ್ರ ಅತಿ ಕಡಿಮೆ. ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಲ್ಲಿ ಹಳಿ ಹಾಕಿ ಬಣ್ಣ ಕೊಡುವುದನ್ನೇ ಪ್ರತ್ಯೇಕ ಕಸುಬಾಗಿ ಬೆಳೆಸಿಕೊಂಡವರಿದ್ದಾರೆ. ಆ ಕಸುಬನ್ನು ನಮ್ಮ ಹಾಸನ ಜಿಲ್ಲೆಯ ಹಳಿಗೆ ಹೊಂದಿಸಿದರೆ ಏನಾಗುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಅಳತೆಯ ತಕರಾರು. ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಮಾದರಿಯ ಅಳತೆ ಎಚ್ಒ. ಅಂದರೆ ನಿಜವಾದದ್ದರ 87ನೇ ಒಂದು ಪಾಲು. ಅದರ ಹಳಿಯ ಅಗಲ 16.5 ಮಿಲಿಮೀಟರ್. 87ರಿಂದ ಗುಣಿಸಿದರೆ ಯುರೋಪು, ಅಮೆರಿಕದ 1,435 ಮಿ.ಮೀ. ಹಳಿಗೆ ಸರಿಹೋಗುತ್ತದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗೆ ತುಸು ಹೆಚ್ಚು. ಅಂಗಡಿಯ ಹಳಿಯ ಮೇಲೆ ಭಾರತದ ಬೋಗಿ ನಿಲ್ಲಿಸಿದರೆ, ಅಗಲ ಒಡಲು ಕಿರಿದಾದ ಕಾಲುಗಳ ಮೇಲೆ ನಿಂತಂತೆ ಕಾಣುವುದು ಅದಕ್ಕೇ. ಎಷ್ಟೇ ಚೆನ್ನಾಗಿ ಬಣ್ಣ ಬಳಿದರೂ ಎರಡೂಮುಕ್ಕಾಲು ಮಿಲಿಮೀಟರಿನ ಈ ಕೊರತೆ ಮುಚ್ಚುವುದಿಲ್ಲ. ಹಠವಾದಿಗಳಿಗೆ ಒಂದು ಕಳ್ಳದಾರಿ ಇದೆ. ಬ್ರಿಟನ್ನಿನ ಕೆಲವು ನಿಷ್ಠಾವಂತರು ತಮ್ಮ 76ನೇ ಒಂದು ಪಾಲಿನ ಅಳತೆಗೆಂದು 18.83 ಮಿ.ಮೀ. ಅಗಲದ ಹಳಿ ಮಾಡಿಕೊಂಡಿದ್ದಾರೆ. ಅದನ್ನು ನಮ್ಮ ಎಚ್ಒ ಬೋಗಿಯ ಕೆಳಗಿಟ್ಟರೆ ಬ್ರಾಡ್‌ಗೇಜಿಗೆ ಅರ್ಧ ಮಿಲಿಮೀಟರಿನಷ್ಟೂ ವ್ಯತ್ಯಾಸ ಬರುವುದಿಲ್ಲ. ಆದರೆ ಎಲ್ಲ ಚಕ್ರಗಳನ್ನೂ ಅಚ್ಚಿನಿಂದ ಕಿತ್ತು ಮತ್ತೆ ಕೂರಿಸಬೇಕು. ಹೆಚ್ಚಿನವರು ಕಿರಿದಾದ ಹಳಿಯೇ ಸಾಕೆಂದು ಸುಮ್ಮನಾಗುತ್ತಾರೆ. ಅವರನ್ನು ದೂರಲಾಗದು.

ಇನ್ನು ಮೀಟರ್‌ಗೇಜ್ ನೋಡಿ. 1,000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆಂದು 12 ಮಿ.ಮೀ. ಹಳಿ ಸಿದ್ಧವಾಗಿ ಸಿಗುತ್ತದೆ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಹಾಗಾಗಿ ಇವತ್ತು ಹೊಳೆನರಸೀಪುರದ ಮೇಲೆ ಓಡುವ ರೈಲಿಗಿಂತ, ಓಡಾಟ ನಿಲ್ಲಿಸಿ ಇಪ್ಪತ್ತೈದು ವರ್ಷ ದಾಟಿದ ರೈಲನ್ನೇ ಮೇಜಿನ ಮೇಲೆ ಪ್ರಾಮಾಣಿಕವಾಗಿ ಕಟ್ಟಬಹುದು.

ಆ ರೈಲಿನ ಕಥೆ ಚಿಕ್ಕದಾಗಿ ಹೇಳುವುದಾದರೆ: ಮೈಸೂರು–ಅರಸೀಕೆರೆ ಮೀಟರ್‌ಗೇಜ್ ಮಾರ್ಗ ಮೈಸೂರು ಸಂಸ್ಥಾನದ್ದು, 1910ರ ದಶಕದ್ದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ ಕೆಲಸ. ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಳೆನರಸೀಪುರ, ಮಾವಿನಕೆರೆ, ಹಾಸನ ಎಂದು ಅದರ ನಿಲ್ದಾಣಗಳು. ಹಾಸನದಿಂದ ಮಂಗಳೂರಿಗೆ ಹೋಗುವ ಮಾರ್ಗವೂ ಮೊದಲು ಮೀಟರ್‌ಗೇಜೇ; ಪೂರ್ತಿಯಾದದ್ದು 1979ರಲ್ಲಿ. 1990ರ ದಶಕದಲ್ಲಿ ಮೈಸೂರು ಮಾರ್ಗವನ್ನು ಬ್ರಾಡ್‌ಗೇಜಿಗೆ ಬದಲಿಸಿದರು. ಹಳೆಯ ಕಂಬಿಗಳು ಬೇಲಿಗೆ, ಬೋರ್ಡಿನ ಕಾಲಿಗೆ, ಶೆಡ್ಡಿನ ತೊಲೆಗೆ ಹೋದವು.

ಬೆಂಕಿಕಡ್ಡಿಯ ಸ್ಲೀಪರು

ಮೀಟರ್‌ಗೇಜಿನ ಮರದ ಸ್ಲೀಪರಿನ ಅಳತೆ ಆರಡಿ ಉದ್ದ, ಎಂಟು ಅಂಗುಲ ಅಗಲ. 87ನೇ ಪಾಲಿಗೆ ಇಳಿಸಿದರೆ 21 ಮಿ.ಮೀ. ಉದ್ದ, ಎರಡೂಕಾಲು ಮಿ.ಮೀ. ಅಗಲ. ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಯನ್ನು ನಡುವೆ ಕತ್ತರಿಸಿದರೆ ಹೆಚ್ಚುಕಡಿಮೆ ಎರಡು ಸ್ಲೀಪರು! ಹೊರದೇಶದಿಂದ ತರಿಸಿಕೊಳ್ಳಬೇಕಾದ ಸಾಮಾನುಗಳೇ ತುಂಬಿರುವ ಈ ಹವ್ಯಾಸದಲ್ಲಿ ಇದೊಂದು ಬೀದಿಬದಿಯ ಅಂಗಡಿಯಲ್ಲಿ ಸಿಗುತ್ತದೆ. ಮೇಣದ ಕಡ್ಡಿ ಆಗದು, ಮರದ್ದೇ ಬೇಕು. ನೆರಿಗೆ, ಬಿರುಕು, ಸೊಟ್ಟಗಿರುವಿಕೆ ಎಲ್ಲ ಅದರಲ್ಲೇ ಇರುತ್ತದೆ. ಪ್ಲಾಸ್ಟಿಕ್ ಸ್ಲೀಪರಿಗೆ ಇಲ್ಲದ್ದು ಅದೇ.

ಕಂಬಿಯ ಎತ್ತರದಲ್ಲೂ ಹುಷಾರಾಗಿರಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳಿಯ ಕಂಬಿ 2.54 ಮಿ.ಮೀ. ಎತ್ತರ, ದೊಡ್ಡದು ಮಾಡಿದರೆ 22 ಸೆಂಟಿಮೀಟರ್. ಅಷ್ಟು ಎತ್ತರದ ಕಂಬಿ ನಮ್ಮ ರೈಲ್ವೆಯಲ್ಲಿ ಎಲ್ಲೂ ಇಲ್ಲ. ಮೀಟರಿಗೆ 60 ಕಿಲೋ ತೂಗುವ ಇಂದಿನ ಭಾರಿ ಕಂಬಿಯ ಎತ್ತರವೇ 172 ಮಿ.ಮೀ., 52 ಕಿಲೋದ್ದು 156. ಮಾದರಿಯಲ್ಲಿ ಅವು 2 ಮಿ.ಮೀ. ಮತ್ತು 1.8 ಮಿ.ಮೀ. ಮೀಟರ್‌ಗೇಜಿನ ಹಳೆ ಕಂಬಿ ಇನ್ನೂ ಗಿಡ್ಡ, ಒಂದೂವರೆ ಮಿ.ಮೀ.ಯ ಆಸುಪಾಸು. ಮಾರುಕಟ್ಟೆಯಲ್ಲಿ ಈ ಎತ್ತರಗಳನ್ನು ಕೋಡ್ 100, 75, 55 ಎಂದು ಕರೆಯುತ್ತಾರೆ. ಅವು ಅಂಗುಲದ ಸಾವಿರದ ಭಾಗಗಳ ಲೆಕ್ಕ. ಹೊಳೆನರಸೀಪುರದ ಹಳೆಯ ಮೀಟರ್‌ಗೇಜಿಗೆ 55 ಬೇಕು, ಚನ್ನರಾಯಪಟ್ಟಣದ ಹೊಸ ಬ್ರಾಡ್‌ಗೇಜಿಗೆ 75.

ಇನ್ನೊಂದು ಸಣ್ಣ ಕುಶಲ. ಮೀಟರ್‌ಗೇಜ್ ಕಂಬಿಯ ಒಂದು ತುಂಡು 12 ಮೀಟರ್, ಮಾದರಿಯಲ್ಲಿ 14 ಸೆಂ.ಮೀ.ಗೆ ತುಸು ಕಡಿಮೆ. ಅಷ್ಟಷ್ಟು ದೂರಕ್ಕೆ ಕಂಬಿಯ ನೆತ್ತಿಯ ಮೇಲೆ ಸಣ್ಣ ಗರಗಸದಿಂದ ಕೂದಲೆಳೆಯಷ್ಟು ಕಚ್ಚು ಹಾಕಿ, ಪಕ್ಕಕ್ಕೆ ಕಂಬಿ ಜೋಡಿಸುವ ಪಟ್ಟಿಯಾದ ಪುಟ್ಟ ಫಿಶ್‌ಪ್ಲೇಟ್ ಅಂಟಿಸಿದರೆ ಚಕ್ರ ಹಾಯುವಾಗ ಹಳೆಯ ‘ಕಟಕಟ’ ಕೇಳಿಸುತ್ತದೆ. ಬೆಸುಗೆ ಹಾಕಿದ ಈಗಿನ ಉದ್ದ ಕಂಬಿಗೆ ಆ ಸದ್ದಿಲ್ಲ. ಹಾಗಾಗಿ ಚನ್ನರಾಯಪಟ್ಟಣದ ಹಳಿಗೆ ಕಚ್ಚು ಹಾಕಿದರೆ ತಪ್ಪಾಗುತ್ತದೆ.

ಜಲ್ಲಿಯ ಲೆಕ್ಕ

ರೈಲು ಹಳಿಗೆ ಸುರಿಯುವ ಜಲ್ಲಿ 20ರಿಂದ 65 ಮಿ.ಮೀ. ಗಾತ್ರದ್ದು. ಮಾದರಿಗೆ ಅದು ಕಾಲು ಮಿ.ಮೀ.ಯಿಂದ ಮುಕ್ಕಾಲು ಮಿ.ಮೀ. ಹೊಸಬರು ಸಾಮಾನ್ಯವಾಗಿ ದಪ್ಪ ಮರಳು ಹಾಕಿಬಿಡುತ್ತಾರೆ, ಬಂಡೆಗಳ ನಡುವೆ ರೈಲು ಸಿಕ್ಕಿಕೊಂಡಂತೆ ಕಾಣುತ್ತದೆ. ಹೊರದೇಶದ ಪೊಟ್ಟಣಗಳಲ್ಲಿ ಬರುವ ಕೆಲವು ಜಲ್ಲಿ ಅಕ್ರೋಟ್ ಚಿಪ್ಪಿನ ಪುಡಿ, ಅಂಟು ಹಾಕಿದೊಡನೆ ತೇಲುತ್ತದೆ. ಹಾಸನದ ಸುತ್ತ ಇರುವುದೆಲ್ಲ ಬೂದುಬಣ್ಣದ ಗಟ್ಟಿ ಕಲ್ಲು. ಕ್ರಷರಿನ ಪುಡಿಯೇ ನಿಜವಾದ ಹಳಿಯ ಬಣ್ಣಕ್ಕೆ ಒಪ್ಪುತ್ತದೆ. ಟೀ ಸೋಸುವ ಜರಡಿಯಲ್ಲಿ ದಪ್ಪ ಕಾಳು ತೆಗೆದು, ಉಳಿದದ್ದನ್ನು ತೆಳು ಬಟ್ಟೆಯಲ್ಲಿ ಜಾಲಿಸಿ ಧೂಳು ಬಿಟ್ಟರೆ ನಡುವಿನದು ನಮಗೆ. ಅಯಸ್ಕಾಂತವನ್ನೊಮ್ಮೆ ಅದರ ಮೇಲೆ ಆಡಿಸುವುದನ್ನು ಮರೆಯಬಾರದು. ಕಬ್ಬಿಣದ ಚೂರೇನಾದರೂ ಇದ್ದರೆ ಎಂಜಿನ್ನಿನ ಮೋಟಾರು ಎಳೆದುಕೊಂಡು ಹಾಳಾಗುತ್ತದೆ.

ಒಣ ಜಲ್ಲಿಯನ್ನು ಮೊದಲು ಕುಂಚದಲ್ಲಿ ಸರಿಮಾಡಿ ಸ್ಲೀಪರಿನ ಮಟ್ಟಕ್ಕೆ ತುಸು ಕೆಳಗೆ ನಿಲ್ಲಿಸಬೇಕು. ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ, ನೀರಾಗಿಸಿದ ಫೆವಿಕಾಲನ್ನು ಸಿರಿಂಜಿನಲ್ಲಿ ತೊಟ್ಟಿಕ್ಕಬೇಕು. ಸಾಬೂನಿಲ್ಲದಿದ್ದರೆ ಅಂಟು ಮುತ್ತಾಗಿ ಉರುಳುತ್ತದೆ, ಜಲ್ಲಿಯಲ್ಲಿ ಕುಳಿ ಬೀಳುತ್ತದೆ. ಹಳಿ ಕವಲೊಡೆಯುವಲ್ಲಿ ಅಲುಗಾಡುವ ನಾಲಿಗೆಗಳ ಬಳಿ ಅಂಟು ಹೋಗಬಾರದು. ಮರುದಿನದ ತನಕ ಮುಟ್ಟಬಾರದು.

ಇನ್ನು ಬಣ್ಣ

ಬಣ್ಣ ಕೊಡುವುದು ಜಲ್ಲಿ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ. ಮೊದಲಿನದು ಕಂಬಿಗೆ ಮತ್ತು ಸ್ಲೀಪರಿಗೆ. ತುಕ್ಕು ಎಂದೊಡನೆ ಕಿತ್ತಳೆ ಬಣ್ಣಕ್ಕೆ ಕೈಹಾಕುವವರು ಬಹಳ. ಕಿತ್ತಳೆ ಎಳೆಯ ತುಕ್ಕು. ಹೊಸದಾಗಿ ತಂದು ಪಕ್ಕಕ್ಕೆ ಪೇರಿಸಿದ ಕಂಬಿಯಲ್ಲಿ ಅದು ಕಾಣುತ್ತದೆ. ದಿನವೂ ರೈಲು ಓಡುವ ಹಳಿಯದ್ದು ಬ್ರೇಕಿನ ಕಬ್ಬಿಣದ ಪುಡಿ, ಎಣ್ಣೆ, ಮಣ್ಣು ಸೇರಿದ ಕಪ್ಪಗಂದು. ಕ್ಯಾಮ್ಲಿನ್ನಿನ ಬರ್ಂಟ್ ಅಂಬರಿಗೆ ತುಸು ಬೂದು ಬೆರೆಸಿದರೆ ಅದರ ಹತ್ತಿರ ಬರುತ್ತದೆ. ಬಳಿದ ಕೂಡಲೇ, ಒಣಗುವ ಮೊದಲೇ, ಕಂಬಿಯ ನೆತ್ತಿಯನ್ನೂ ಒಳಗಿನ ಅಂಚನ್ನೂ ಬಟ್ಟೆಯಿಂದ ಒರೆಸಬೇಕು. ಮಾದರಿ ಎಂಜಿನ್ನಿಗೆ 12 ವೋಲ್ಟ್ ವಿದ್ಯುತ್ ಬರುವುದು ಅಲ್ಲಿಂದಲೇ. ಬಣ್ಣದ ಪೊರೆ ಉಳಿದರೆ ಎಂಜಿನ್ನು ಮುಗ್ಗರಿಸುತ್ತ ನಿಲ್ಲುತ್ತದೆ.

ಮರದ ಸ್ಲೀಪರು ಕರಿಯಲ್ಲ. ಡಾಂಬರಿನಂಥ ಎಣ್ಣೆ ಕುಡಿಸಿ ಹಾಕಿದ ಹೊಸತರಲ್ಲಿ ಕಪ್ಪಗಿರುತ್ತದೆ ನಿಜ, ಆದರೆ ಬಿಸಿಲಿಗೆ ಬೂದುಬಣ್ಣವಾಗುತ್ತ ಬರುತ್ತದೆ. ಬೆಂಕಿಕಡ್ಡಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಕರಿಶಾಯಿಯ ತೆಳು ನೀರು ಸಾಕು, ಮರ ತಾನೇ ಹೀರಿಕೊಳ್ಳುತ್ತದೆ. ಕಾಂಕ್ರೀಟ್ ಸ್ಲೀಪರಿನದು ಬೇರೆ ಚರ್ಯೆ. ತಿಳಿ ಬೂದು ಬಣ್ಣದ ಮೇಲೆ, ಕಂಬಿಯನ್ನು ಬಿಗಿದ ಕ್ಲಿಪ್ಪಿನ ಕೆಳಗೆ ಮಾತ್ರ ತುಕ್ಕಿನ ನೀರು ಸುರಿದ ಗೆರೆ. ಪಕ್ಕಪಕ್ಕದ ಎರಡು ಸ್ಲೀಪರು ಒಂದೇ ಬಣ್ಣವಾಗಬಾರದು, ಹಾಗೆಂದು ಚದುರಂಗದ ಮನೆಯಂತೆಯೂ ಕಾಣಬಾರದು. ಈ ಹದ ಕೈಗೆ ಬರುವುದಕ್ಕೆ ಬಣ್ಣಕ್ಕಿಂತ ನೋಟ ಮುಖ್ಯ.

ಜಲ್ಲಿ ಒಣಗಿದ ಮೇಲಿನ ಎರಡನೇ ಸುತ್ತಿನಲ್ಲಿ ಊರು ಬರುತ್ತದೆ. ನಿಲ್ದಾಣದಲ್ಲಿ ಎಂಜಿನ್ನು ನಿಲ್ಲುವ ಜಾಗದ ನಡುವೆ ಎಣ್ಣೆಯ ಕರಿಪಟ್ಟೆ. ಬಯೋ ಟಾಯ್ಲೆಟ್ ಬರುವ ಮೊದಲಿನ ಕಾಲವನ್ನು ಕಟ್ಟುವವರು ಪ್ಲಾಟ್‌ಫಾರಂ ಬದಿಯ ಹಳಿಯ ನಡುವೆ ಇನ್ನೊಂದು ಕಲೆಯನ್ನೂ ನೆನೆಯಬೇಕು. ಅದರ ವರ್ಣನೆ ಇಲ್ಲಿ ಬೇಡ. ಮುಖ್ಯ ಹಳಿಯ ನೆತ್ತಿ ಕನ್ನಡಿಯಾಗಿದ್ದರೆ ಲೂಪ್ ಹಳಿಯದು ಮಂಕು, ಜಲ್ಲಿಯೂ ಅಲ್ಲಿ ತಗ್ಗು, ಸ್ಲೀಪರಿನ ನಡುವೆ ಹುಲ್ಲು. ಗೂಡ್ಸ್ ಶೆಡ್ಡಿನ ಹಳಿಯಲ್ಲಿ ಮಣ್ಣೇ ಮುಚ್ಚಿರುತ್ತದೆ. ಬಯಲುಸೀಮೆಯ ಹೊಳೆನರಸೀಪುರಕ್ಕೆ ಕೆಮ್ಮಣ್ಣಿನ ಧೂಳು ಬೇಕು: ಊರಿನ ಮಣ್ಣನ್ನೇ ಜಾಲಿಸಿ, ಒಣ ಕುಂಚದಲ್ಲಿ ಉದುರಿಸಿದರೆ ಸರಿ. ಕಾಫಿ ಸೀಮೆಯವರು ಬಸಿದ ಕಾಫಿ ಚರಟವನ್ನು ಕಾಡುಮಣ್ಣಾಗಿ ಬಳಸಬಹುದು. ಆದರೆ ಬಾಣಲೆಯಲ್ಲಿ ಪೂರ್ತಿ ಹುರಿದು ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

ಹಾಸನ–ಮಂಗಳೂರು ಮಾರ್ಗವನ್ನು ಕಟ್ಟಹೊರಟರೆ ಮಾತೇ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯ 55 ಕಿ.ಮೀ.ಯಲ್ಲಿ 57 ಸುರಂಗ, 109 ಸೇತುವೆ. 50ಕ್ಕೆ 1ರ ಏರು, ಅಂದರೆ ಮೇಜಿನ ಮೇಲೆ ಮೀಟರಿಗೆ 2 ಸೆಂ.ಮೀ. ಬ್ರಾಡ್‌ಗೇಜ್ ಆದಮೇಲೆ 2006ರಲ್ಲಿ ಗೂಡ್ಸ್, 2007ರಲ್ಲಿ ಪ್ರಯಾಣಿಕರ ರೈಲು ಅಲ್ಲಿ ಶುರುವಾದವು. ಸುರಂಗದ ಬಾಯಲ್ಲಿ ಹಳಿ ಸದಾ ಒದ್ದೆ, ಜಲ್ಲಿ ಕಪ್ಪು, ಅಂಚಿಗೆ ಪಾಚಿಹಸಿರು. ಹೊಳಪು ವಾರ್ನಿಷ್ ಬಳಸಬಹುದಾದ ಏಕೈಕ ಜಾಗ ಅದು. ಆದರೆ ಘಾಟಿಯನ್ನು ಕೋಣೆಯೊಳಗೆ ತರುವವರು ತಿರುವಿನಲ್ಲಿ ಸೋಲುತ್ತಾರೆ. ಬ್ರಾಡ್‌ಗೇಜಿನಲ್ಲಿ ಅನುಮತಿಯಿರುವ ಅತಿ ಕಡಿದಾದ ತಿರುವಿನ ತ್ರಿಜ್ಯವೇ 175 ಮೀಟರ್, ಮಾದರಿಯಲ್ಲಿ 2 ಮೀಟರ್. ರೈಲು ಹಿಂದಿರುಗಿ ಬರಲು ನಾಲ್ಕು ಮೀಟರ್ ಅಗಲದ ಮೇಜು ಬೇಕು. ಮನೆಗಳಲ್ಲಿ ಅರ್ಧ ಮೀಟರಿನ ತಿರುವು ಹಾಕಿ, ಅದನ್ನು ಗುಡ್ಡದ ಹಿಂದೆ ಬಚ್ಚಿಡುತ್ತಾರೆ.

ಚನ್ನರಾಯಪಟ್ಟಣದ ಮಾರ್ಗ ಸುಲಭ, ಕಟ್ಟುವವರಿಗೆ ಬೇಸರವೂ ಹೌದು. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಓಡಿದ್ದು 2017ರ ಮಾರ್ಚ್ 26ರಂದು. ಸಾಲಾಗಿ 60 ಸೆಂ.ಮೀ.ಗೊಂದರಂತೆ ಕಾಂಕ್ರೀಟ್ ಸ್ಲೀಪರು, ಎತ್ತರಕ್ಕೆ ಸುರಿದ ಹೊಸ ಜಲ್ಲಿ, ನೆಟ್ಟಗಿನ ಏರಿ. ಇಲ್ಲಿ ಕಷ್ಟವೆಂದರೆ ಶುಭ್ರತೆಯನ್ನು ನಂಬಿಸುವುದು.

ನೋಡಿ ಕಲಿಯಬೇಕಾದವರು ಹಳಿಯ ಮೇಲೆ ನಡೆಯಬಾರದು. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಪ್ಲಾಟ್‌ಫಾರಮ್ಮಿನ ತುದಿ, ರೈಲ್ವೆ ಗೇಟು ಸಾಕಷ್ಟು ತೋರಿಸುತ್ತವೆ. ಹಳೆಯ ಮೀಟರ್‌ಗೇಜ್ ಬಂಡಿಗಳನ್ನು ಹತ್ತಿರದಿಂದ ಕಾಣಲು 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವಿದೆ. ಪುಣೆಯ ಕೊತ್ರೂಡಿನಲ್ಲಿರುವ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಓಡುವ ಮಾದರಿಗಳ ಇಡೀ ಊರನ್ನೇ ಕಟ್ಟಿದ್ದಾರೆ.

ಅರಕಲಗೂಡಿಗೆ ರೈಲು ಬಂದಿಲ್ಲ. ಹವ್ಯಾಸಿಗೆ ಅದೇ ಅನುಕೂಲ. ಬ್ರಿಟನ್ನಿನವರು ಎಂದೂ ಹಾಕದ ಕವಲು ಮಾರ್ಗಗಳನ್ನು ಊಹಿಸಿ ಮಾದರಿ ಕಟ್ಟುವುದುಂಟು. ತಪ್ಪು ಹುಡುಕಲು ಅಸಲಿ ಇರುವುದಿಲ್ಲ, ಆದರೆ ಸುತ್ತಲಿನದೆಲ್ಲ ಸರಿಯಿರಬೇಕು. ಹೊಳೆನರಸೀಪುರದಿಂದ ಒಡೆದ ಮೀಟರ್‌ಗೇಜ್ ಕವಲೊಂದು ಅರಕಲಗೂಡಿನಲ್ಲಿ ಮುಗಿಯಿತೆಂದು ಇಟ್ಟುಕೊಳ್ಳಿ. ಆಲೂಗಡ್ಡೆಗೂ, ರಾಮನಾಥಪುರದ ಕಡೆಯಿಂದ ಬರುವ ಹೊಗೆಸೊಪ್ಪಿಗೂ ಒಂದು ಗೂಡ್ಸ್ ಶೆಡ್ಡು, ಒಂದು ಲೂಪು, ದಿನಕ್ಕೆರಡು ರೈಲು. ಅಷ್ಟು ಕಡಿಮೆ ಓಡಾಟಕ್ಕೆ ಕಂಬಿಯ ನೆತ್ತಿಯಲ್ಲಿ ಹೊಳಪಿನ ಪಟ್ಟಿ ಸಣ್ಣದು, ಅದರ ಎರಡೂ ಬದಿಗೆ ತುಕ್ಕು. ಸ್ಲೀಪರು ಬೇರೆಡೆ ತೆಗೆದ ಹಳೆಯವು, ಒಂದೊಂದು ಒಂದೊಂದು ಬೂದು. ಜಲ್ಲಿ ಅರ್ಧ, ಮಣ್ಣು ಅರ್ಧ. ಆರಡಿ ಉದ್ದ, ಒಂದಡಿ ಅಗಲದ ಹಲಗೆಯಲ್ಲಿ ಇಷ್ಟೂ ಹಿಡಿಯುತ್ತದೆ, ತಿರುವಿನ ಗೋಜೇ ಇಲ್ಲ. ಸ್ಲೀಪರಿಗೆ ನಾಲ್ಕೈದು ಬೆಂಕಿಪೊಟ್ಟಣ ಸಾಕು.