ಗಿರಾಕಿ ಹೇಳಿದ್ದು, ನಾವು ಭಟ್ಟರಿಗೆ ಹೇಳಿದ್ದು



ಗಿರಾಕಿಯ ದೂರನ್ನು ಅಡಿಗೆಮನೆಗೆ ಮುಟ್ಟಿಸುವುದು ಗಲ್ಲಾದಲ್ಲಿ ಕೂತವರ ಕೆಲಸ. ಮುಟ್ಟಿಸುವ ರೀತಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾವು ಇಲ್ಲಿ ಹೈದರಾಬಾದಿನಲ್ಲಿ ಒಬ್ಬ ಒಳ್ಳೆಯ ಭಟ್ಟರನ್ನು ಕಳೆದುಕೊಂಡು ಕಲಿತೆವು. ನಾವು ಓದಿದ್ದು ಹತ್ತನೇ ಕ್ಲಾಸು. ದೊಡ್ಡ ಮಾತು ಬೇಡ, ನಡೆದದ್ದನ್ನೇ ಬರೆಯುತ್ತೇವೆ.

2016ರ ಏಪ್ರಿಲ್. ಕಾಚಿಗುಡ ಕಡೆಯ ನಮ್ಮ ಹೋಟೆಲಿಗೆ ದಿನಾ ಬೆಳಿಗ್ಗೆ ಬರುತ್ತಿದ್ದ ಹಿರಿಯರೊಬ್ಬರು ಬಿಲ್ಲು ಕೊಡುವಾಗ, "ಇಡ್ಲಿ ಪುಲ್ಲಗಾ ಉಂದಿ" ಎಂದರು. ಹುಳಿಯಾಗಿದೆ ಅಂತ. ನಾವು ನಕ್ಕು, "ಸರಿ ಸಾರ್" ಎಂದೆವು. ಮರುದಿನವೂ ಅದೇ ಮಾತು, ಅದೇ ನಗು. ನಾಲ್ಕನೇ ದಿನ ಅವರು ಪ್ಲೇಟು ಬಿಟ್ಟು ಎದ್ದು ಹೋದರು. ಆಗ ನಮಗೆ ಸಿಟ್ಟು ಬಂತು. ಭಟ್ಟರನ್ನು ಹಾಲಿಗೆ ಕರೆಸಿ, ಗಿರಾಕಿಗಳೂ ಸಪ್ಲೈಯರುಗಳೂ ನೋಡುತ್ತಿರುವಾಗಲೇ, "ಹದಿನಾಲ್ಕು ವರ್ಷವಾಯ್ತು, ಇನ್ನೂ ಹಿಟ್ಟಿನ ಹದ ಗೊತ್ತಾಗಲಿಲ್ವಾ ಭಟ್ರೇ?" ಎಂದುಬಿಟ್ಟೆವು. ಅವರು ಒಂದು ಮಾತೂ ಆಡಲಿಲ್ಲ. ರಾತ್ರಿಯವರೆಗೆ ಕೆಲಸ ಮುಗಿಸಿ, ಸ್ಟೋರ್ ರೂಮಿನ ಬೀಗದ ಕೈ ಮೇಜಿನ ಮೇಲಿಟ್ಟು ಊರಿಗೆ ಹೋದರು.

ಹೊಸ ಭಟ್ಟರು ಬಂದರು. ಇಡ್ಲಿ ಮತ್ತೂ ಹುಳಿ. ಆಗ ಲೆಕ್ಕ ಹಾಕಿದೆವು. ಮೊದಲು ರಾತ್ರಿ ಎಂಟಕ್ಕೆ ಗ್ರೈಂಡರ್ ಹಾಕುತ್ತಿದ್ದೆವು. ಆ ವರ್ಷ ರಾತ್ರಿಯ ಒಂದು ಆಳಿನ ಸಂಬಳ ಉಳಿಸಲು ಅದನ್ನು ಸಂಜೆ ನಾಲ್ಕಕ್ಕೆ ತಂದವರು ನಾವೇ. ಬೆಳಿಗ್ಗೆ ಐದಕ್ಕೆ ಇಡ್ಲಿ ಬೇಯುವ ಹೊತ್ತಿಗೆ ಹಿಟ್ಟಿಗೆ ಹದಿಮೂರು ಗಂಟೆ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಒಲೆಯ ಪಕ್ಕದಲ್ಲಿ ಇನ್ನೂ ಹೆಚ್ಚು. ಹುಳಿಯದೆ ಏನು ಮಾಡೀತು?

ಮುಂದೊಂದು ಮದುವೆಗೆ ಊರಿಗೆ ಹೋದಾಗ ಭಟ್ಟರ ಮನೆ ಹುಡುಕಿಕೊಂಡು ಹೋಗಿ ತಪ್ಪು ಒಪ್ಪಿಕೊಂಡೆವು. ಅವರು ಮಜ್ಜಿಗೆ ಕೊಟ್ಟು, "ರಾಯ್ರೇ, ಅದು ನಂಗೆ ಅವತ್ತೇ ಗೊತ್ತಿತ್ತು. ನೀವು ಕೇಳ್ಲಿಲ್ಲ" ಎಂದರು. ವಾಪಸ್ ಬರಲು ಮಾತ್ರ ಒಪ್ಪಲಿಲ್ಲ.

ಸರ್ಕಾರವೇ ನಮ್ಮೊಡನೆ ಇದಕ್ಕಿಂತ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ 32ನೇ ಸೆಕ್ಷನ್ ಇದೆ, ಸುಧಾರಣಾ ನೋಟೀಸಿನದು. ನಿಯಮ ಪಾಲಿಸಿಲ್ಲ ಎನ್ನಲು ಕಾರಣವೇನು, ತಪ್ಪಿರುವುದು ಯಾವುದು, ಸರಿಪಡಿಸಲು ಏನು ಮಾಡಬೇಕು ಎಂದು ಅಧಿಕಾರಿ ಅದರಲ್ಲಿ ಬರೆಯಬೇಕು. ಕನಿಷ್ಠ 14 ದಿನದ ಗಡುವನ್ನೂ ಕೊಡಬೇಕು. ಇನ್‌ಸ್ಪೆಕ್ಷನ್ ಎಂದರೆ ನಾವೆಲ್ಲ ಗೊಣಗುತ್ತೇವೆ, ಆದರೆ ನಮ್ಮ ಭಟ್ಟರಿಗೆ ನಾವು 14 ನಿಮಿಷವನ್ನೂ ಕೊಟ್ಟಿರಲಿಲ್ಲ.

ಈಗ ದೂರು ಬಂದರೆ ಅದೇ ಪದಾರ್ಥವನ್ನು ಮೊದಲು ನಾವೇ ತಿಂದು ನೋಡುತ್ತೇವೆ. ಎಷ್ಟು ಹೊತ್ತಿಗೆ, ಯಾವ ಪಾತ್ರೆಯದು ಎಂದು ಗಲ್ಲಾದ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ತಿಂಡಿಯ ಗಲಾಟೆ ಇಳಿದ ಮೇಲೆ, ಹನ್ನೊಂದರ ಸುಮಾರಿಗೆ, ಕಾಫಿ ಹಿಡಿದುಕೊಂಡು ಒಳಗೆ ಹೋಗಿ "ಇದು ಯಾಕೆ ಹೀಗಾಯ್ತು?" ಎಂದು ಕೇಳುತ್ತೇವೆ. ಸಪ್ಲೈಯರ್ ಕೈಯಲ್ಲಿ ಹೇಳಿ ಕಳಿಸುವುದಿಲ್ಲ. ತೆಲುಗಿನ ದೂರು ಒಡಿಶಾ ಹುಡುಗನ ಹಿಂದಿಯಲ್ಲಿ ಹಾದು ಕುಂದಾಪುರದ ಭಟ್ಟರ ಕಿವಿ ಮುಟ್ಟುವಾಗ ಉಪ್ಪು ಹೋಗಿ ಹುಳಿಯಾಗಿರುತ್ತದೆ! ಒಳಗಿನವರು ನಮ್ಮ ತಪ್ಪು ತೋರಿಸಿದರೆ ಅದನ್ನೂ ಅದೇ ಪುಸ್ತಕದಲ್ಲಿ ಬರೆಯುತ್ತೇವೆ. ಮೊದಮೊದಲು ಇದು ನುಂಗಲು ಕಷ್ಟವಾಗಿತ್ತು.

ಎಲ್ಲ ದೂರೂ ನಿಜವಲ್ಲ ಎಂಬುದೂ ಹೌದು. ನಮ್ಮ ಸಾಂಬಾರು ಸಿಹಿ ಎನ್ನುವವರು ಇಲ್ಲಿ ದಿನಕ್ಕಿಬ್ಬರಾದರೂ ಸಿಗುತ್ತಾರೆ. ಬೆಲ್ಲ ಸ್ವಲ್ಪ ಇಳಿಸಿದ್ದೇವೆ, ಪೂರ್ತಿ ಬಿಡುವುದಿಲ್ಲ. ಹಾಗೆಂದು ಅವರಿಗೆ ನೇರವಾಗಿಯೇ ಹೇಳುತ್ತೇವೆ, ಬೇಕಾದವರಿಗೆ ಖಾರದ ಚಟ್ನಿ ಕೊಡುತ್ತೇವೆ. ಮನೆಗೆ ಹೋಗಿ ಮೊಬೈಲಿನಲ್ಲಿ ಒಂದು ಸ್ಟಾರ್ ಒತ್ತುವವರಿಗಿಂತ ಗಲ್ಲಾದ ಎದುರು ನಿಂತು ಬೈಯುವವರು ನಮಗೆ ಬೇಕು.

ಮೊನ್ನೆ ಕ್ಲೀನರ್ ಹುಡುಗ ಬಂದು, ಕೈ ತೊಳೆಯುವ ನಲ್ಲಿಯ ನೀರು ಗಿರಾಕಿಗಳ ಪ್ಯಾಂಟಿಗೆ ಹಾರುತ್ತದೆ ಎಂದ. ಎರಡು ವರ್ಷದಿಂದ ಆ ನಲ್ಲಿಯ ಎದುರೇ ಕೂತಿದ್ದೇವೆ, ಕಂಡಿರಲಿಲ್ಲ. ಬರೆದುಕೊಂಡಿದ್ದೇವೆ, ಗುರುವಾರ ಪ್ಲಂಬರ್ ಬರುತ್ತಾನೆ.