ಪ್ಯಾಡ್ ಕಟ್ಟೋರು ಯಾರು?

ಪಿರಿಯಾಪಟ್ಟಣ ದಾಟಿ, ಬೈಲಕುಪ್ಪೆ ಕಳೆದು, ಕೊಪ್ಪದಲ್ಲಿ ಕಾವೇರಿ ಸೇತುವೆ ಹತ್ತಿದ್ರೆ ಆಚೆ ಕೊಡಗು, ಹಾಕಿ ನಾಡು. ಆ ಗಾಳಿ ಈಚೆಗೂ ಬೀಸುತ್ತೆ ಅನ್ನಿ.

ತಂಡ ಕಟ್ಟೋವಾಗ ಎಲ್ಲರಿಗೂ ಫಾರ್ವರ್ಡ್ ಆಗೋ ಆಸೆ. ಗೋಲ್‌ಕೀಪರ್ ಪ್ಯಾಡ್ ಮಾತ್ರ ಮೂಲೆಯಲ್ಲೇ. ಕಟ್ಟಿಕೊಂಡ್ರೆ ಹಿಂದಿನವನ ಬೆವರು ವಾಸನೆ, ಹೆಜ್ಜೆ ಎತ್ತಿಡೋಕೂ ಭಾರ.

ಬೆನ್ನ ಹಿಂದೆ 3.66 ಮೀಟರ್ ಅಗಲದ ಗೋಲು. ಎದುರಿಗೆ ಸುಮಾರು 160 ಗ್ರಾಂ ತೂಕದ, ಕಲ್ಲಿನಂಥ ಚೆಂಡು. ಪೆನಾಲ್ಟಿ ಸ್ಟ್ರೋಕ್ ಅಂದ್ರೆ ಬರೀ 6.4 ಮೀಟರ್ ದೂರ; ಹೊಡೆಯೋವರೆಗೂ ಗೆರೆ ಮೇಲಿನ ಕಾಲು ಅಲ್ಲಾಡಿಸೋ ಹಾಗಿಲ್ಲ!

1998, ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್. ದಕ್ಷಿಣ ಕೊರಿಯಾ ಜೊತೆ 1-1. ಟೈಬ್ರೇಕರ್‌ನಲ್ಲಿ ಬೆಂಗಳೂರಿನ ಆಶಿಶ್ ಬಲ್ಲಾಳ್ ಎರಡು ಸ್ಟ್ರೋಕ್ ತಡೆದ್ರು. 32 ವರ್ಷದ ಮೇಲೆ ಭಾರತಕ್ಕೆ ಚಿನ್ನ.

ಇಲ್ಲಿ ನಮ್ಮ ಹುಡುಗ ತೋಯ್ದ ಗ್ಲೌಸನ್ನ ಬಟ್ಟೆ ಹಗ್ಗಕ್ಕೆ ಹಾಕ್ತಿದ್ದಾನೆ. ನಾಳೆ ಆರಕ್ಕೆ ಪ್ರಾಕ್ಟೀಸ್.